ಗುಜರಿಯವನ ಮೇಲೊಂದು ದೋಷಾರೋಪ ಪಟ್ಟಿ

ಸಭ್ಯ ನಾಗರಿಕರ ಪರವಾಗಿ ಮಾನ್ಯ ನ್ಯಾಯಾಲಯದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ದೇಶದ ಐಟಿ ರಾಜಧಾನಿಯಾದ ಬೆಂಗಳೂರಿನ ಗಲ್ಲಿಗಳಲ್ಲಿ ‘ಹಳೇ ಕಬ್ಬಿಣ, ಹಳೇ ಪೇಪರ್, ಬ್ಯಾಟ್ರಿ, ಟೀವೀ...’ ಎಂದು ಕೂಗುತ್ತ ತಳ್ಳುಗಾಡಿಯೊಡನೆ ಅಡ್ಡಾಡುವ ಆಸಾಮಿಯೊಬ್ಬನಿದ್ದಾನೆ. ಅವನ ಹೆಸರು ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿಯೂ ಇಲ್ಲ. ‘ಏ ಗುಜರಿ’ ಎಂದರೆ ತಿರುಗುತ್ತಾನೆ. ಡಿಜಿಟಲ್ ಭಾರತದ ಘನತೆಗೆ ಕುಂದು ತರುತ್ತಿರುವ ಸದರಿ ಆಸಾಮಿಯ ಮೇಲೆ ಕೆಳಕಂಡ ಆರೋಪಗಳನ್ನು ಹೊರಿಸಲಾಗಿದೆ.

ಆರೋಪ ಒಂದು: ಸತ್ತದ್ದನ್ನು ಬದುಕಿಸಿದ್ದು.

ಫೋನು ಯಾವಾಗ ಸಾಯಬೇಕೆಂಬುದನ್ನು ಹೆತ್ತವರೇ ಅದರ ಹಣೆಯಲ್ಲಿ ಬರೆದು ಕಳಿಸಿರುತ್ತಾರೆ. ಬ್ಯಾಟರಿ ಬಿಚ್ಚಲಾಗದಂತೆ ಅಂಟು ಹಾಕುವುದು, ಮಾಮೂಲಿ ಸ್ಕ್ರೂಡ್ರೈವರಿಗೆ ಬಗ್ಗದ ಸ್ಕ್ರೂ ಬಿಗಿಯುವುದು, ಕೆಲವು ವರ್ಷಕ್ಕೆ ಅಪ್‌ಡೇಟ್ ನಿಲ್ಲಿಸುವುದು ಎಲ್ಲ ಆ ಬರಹದ ಅಕ್ಷರಗಳೇ. ಅಪ್‌ಡೇಟ್ ಹಾಕಿಕೊಂಡರೆ ಹಳೆಯ ಐಫೋನು ನಿಧಾನವಾಗಬಹುದು ಎಂಬುದನ್ನು ಗ್ರಾಹಕರಿಗೆ ಹೇಳದೆ ಮುಚ್ಚಿಟ್ಟದ್ದಕ್ಕೆ ಫ್ರಾನ್ಸ್ 2020ರಲ್ಲಿ ಆಪಲ್ ಕಂಪನಿಗೆ 2.5 ಕೋಟಿ ಯೂರೊ ದಂಡ ಹಾಕಿತು. ಹಣೆಬರಹ ಬರೆದವನಿಗೇ ದಂಡ ಹಾಕುವಷ್ಟು ಅಧಿಕಪ್ರಸಂಗ ನಮ್ಮದಲ್ಲ. ಆ ಬರಹವನ್ನೇ ಅಳಿಸುವ ಅಧಿಕಪ್ರಸಂಗ ಆರೋಪಿಯದ್ದು. ಸಾಯಬೇಕಾದ ಫೋನನ್ನು ಅವನು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಎಸ್.ಪಿ. ರೋಡಿನ ಸಹಚರರಿಗೆ ದಾಟಿಸುತ್ತಾನೆ. ಅಂಗೈಯಗಲದ ಅಂಗಡಿಯಲ್ಲಿ ಕೂತವನು ಹೀಟ್ ಗನ್ ಹಿಡಿದು ಒಂದು ಬೋರ್ಡಿನ ಐಸಿ ಕಿತ್ತು ಇನ್ನೊಂದಕ್ಕೆ ಕೂರಿಸುತ್ತಾನೆ. ಫೋನು ಕಣ್ಣು ಬಿಡುತ್ತದೆ. ಕಂತಿನಲ್ಲಿ ಹೊಸ ಫೋನು ಕೊಂಡು ದೇಶದ ಜಿಡಿಪಿ ಏರಿಸಬೇಕಾಗಿದ್ದ ಒಬ್ಬ ಗ್ರಾಹಕ ಹೀಗೆ ಕೈತಪ್ಪಿಹೋಗುತ್ತಾನೆ. ಇದು ಆರ್ಥಿಕ ಅಪರಾಧವಲ್ಲದೆ ಇನ್ನೇನು?

ಆರೋಪ ಎರಡು: ಕಾಗದವಿಲ್ಲದೆ ಕೆಲಸ ಮಾಡಿದ್ದು.

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಣಿಗೆ ಅರ್ಹರು ನಾಲ್ಕೇ ಬಗೆಯವರು: ತಯಾರಕ, ಉತ್ಪಾದಕ, ದುರಸ್ತಿಗಾರ, ಮರುಬಳಕೆದಾರ. ಮನೆಮನೆಯಿಂದ ಹೊತ್ತು ತರುವವನಿಗೆ ಅಲ್ಲಿ ಕಲಂ ಇಲ್ಲ. ಇ-ತ್ಯಾಜ್ಯ ತಾನೇ ನಡೆದುಕೊಂಡು ಕಾರ್ಖಾನೆಗೆ ಹೋಗುತ್ತದೆಂದು ನಿಯಮ ಬರೆದವರ ನಂಬಿಕೆ ಇರಬೇಕು. ಇಷ್ಟು ಕಸ ಮರುಬಳಕೆಯಾಯಿತೆಂದು ಮರುಬಳಕೆದಾರ ಪ್ರಮಾಣಪತ್ರ ಹುಟ್ಟಿಸುತ್ತಾನೆ, ತನ್ನ ಹೊಣೆ ತೀರಿತೆಂದು ತೋರಿಸಲು ಕಂಪನಿ ಅದನ್ನು ಕೊಳ್ಳುತ್ತದೆ, ಪರಿಸರ ಶುದ್ಧವಾಗುತ್ತದೆ. ಪ್ಲಾಸ್ಟಿಕ್ಕಿಗೂ ಇದೇ ವ್ಯವಸ್ಥೆ ಇದೆ. ಅಲ್ಲಿ 6 ಲಕ್ಷದಷ್ಟು ಪ್ರಮಾಣಪತ್ರಗಳು ನಕಲಿ ಎಂದು 2023ರಲ್ಲಿ ಬಯಲಾಯಿತು. ಹುಟ್ಟಿಸಿದವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು ಎಂಬುದು ಕನ್ನಡಿಗರ ಹೆಮ್ಮೆ. ಆರೋಪಿಯ ಹತ್ತಿರ ಅಸಲಿಯೂ ಇಲ್ಲ, ನಕಲಿಯೂ ಇಲ್ಲ. ತಕ್ಕಡಿಯೊಂದೇ.

ಲೆಕ್ಕಪತ್ರದಲ್ಲೂ ಅವನು ಗೊಂದಲ ಎಬ್ಬಿಸಿದ್ದಾನೆ. 2022ರಲ್ಲಿ ಭಾರತದ ಇ-ತ್ಯಾಜ್ಯ ಸುಮಾರು 41 ಲಕ್ಷ ಟನ್ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. 2022–23ಕ್ಕೆ ನಮ್ಮ ಸರ್ಕಾರ ಕೊಟ್ಟ ಲೆಕ್ಕ ಸುಮಾರು 16 ಲಕ್ಷ ಟನ್. ಸಾಮಾನುಗಳ ಪಟ್ಟಿ ಬೇರೆ, ಲೆಕ್ಕದ ವಿಧಾನ ಬೇರೆ ಎಂದು ಬಲ್ಲವರು ಸಮಾಧಾನ ಹೇಳುತ್ತಾರೆ. ಇರಬಹುದು. ಪಟ್ಟಿಯಲ್ಲಿಲ್ಲದ ಕಸವನ್ನು ಪಟ್ಟಿಯಲ್ಲಿಲ್ಲದ ಮನುಷ್ಯ ತಳ್ಳಿಕೊಂಡು ಹೋಗುತ್ತಿದ್ದಾನೆ, ಒಂದಕ್ಕೊಂದು ಸರಿಹೋಯಿತು.

ಆರೋಪ ಮೂರು: ದುಡ್ಡು ಕೊಟ್ಟದ್ದು.

ಹಳೆಯ ಲ್ಯಾಪ್‌ಟಾಪನ್ನು ನಾವೇ ಹೊತ್ತು, ನಮ್ಮದೇ ಪೆಟ್ರೋಲು ಸುಟ್ಟು, ಸಂಗ್ರಹ ಕೇಂದ್ರದ ಪೆಟ್ಟಿಗೆಗೆ ಪುಕ್ಕಟೆ ಹಾಕಿ ಧನ್ಯರಾಗಬೇಕೆಂದು ಕಂಪನಿಗಳ ಉಪದೇಶ. ಆರೋಪಿ ಮಾತ್ರ ಬಾಗಿಲಿಗೇ ಬಂದು, ಚೌಕಾಸಿ ಮಾಡಿ, ಕೈಮೇಲೆ ನೋಟು ಇಡುತ್ತಾನೆ. ಇಂಥ ಕೆಟ್ಟ ಚಟವನ್ನು ಕಂಪನಿಗಳಿಗೂ ಕಲಿಸಲು ಸರ್ಕಾರ ಒಮ್ಮೆ ಹೊರಟಿತು. ಮರುಬಳಕೆದಾರರಿಗೆ ಗೃಹಬಳಕೆಯ ಎಲೆಕ್ಟ್ರಾನಿಕ್ಸ್ ಕೆ.ಜಿ.ಗೆ ಕನಿಷ್ಠ 22 ರೂಪಾಯಿ ಕೊಡಿ ಎಂದಿತು. ಟೀವಿ, ಏಸಿ ಮಾರಿ ಸಾವಿರಾರು ಕೋಟಿ ವಹಿವಾಟು ನಡೆಸುವ ಬಹುರಾಷ್ಟ್ರೀಯ ಕಂಪನಿಗಳು ವೆಚ್ಚ ತಾಳಲಾರದೆ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವು. ಗುಜರಿಯವನು ಇದುವರೆಗೆ ಯಾವ ಕೋರ್ಟಿಗೂ ಹೋಗಿಲ್ಲ. ಅವನಿಗೆ ವೆಚ್ಚದ ಅರಿವೇ ಇಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆರೋಪ ನಾಲ್ಕು: ಹೊಗೆ ಎಬ್ಬಿಸಿದ್ದು.

ಈ ಆರೋಪ ಮಾತ್ರ ಸುಳ್ಳಲ್ಲ. ಬೆಂಗಳೂರಿನ ಬೋರ್ಡುಗಳೂ ಕೈಯಿಂದ ಕೈಗೆ ದಾಟಿ ಉತ್ತರದ ಹಾದಿ ಹಿಡಿಯುವುದುಂಟು. ದೆಹಲಿಯ ಸೀಲಂಪುರದಲ್ಲಿ ಅವನ್ನು ಒಡೆಯುತ್ತಾರೆ, ಮೊರಾದಾಬಾದಿನಲ್ಲಿ ರಾಮಗಂಗಾ ದಂಡೆಯ ಮೇಲೆ ಸುಡುತ್ತಾರೆ. ತಾಮ್ರಕ್ಕಾಗಿ ವೈರು ಸುಟ್ಟರೆ ಅದರ ಪಿವಿಸಿಯಿಂದ ಡಯಾಕ್ಸಿನ್ ಏಳುತ್ತದೆ. ಚಿನ್ನಕ್ಕಾಗಿ ಬೋರ್ಡನ್ನು ಆಸಿಡ್ಡಿನಲ್ಲಿ ಅದ್ದಿದರೆ ಉಳಿದ ನೀರು ಚರಂಡಿ ಸೇರುತ್ತದೆ. ಸೀಸ, ಕ್ಯಾಡ್ಮಿಯಂ, ಪಾದರಸ ಮಣ್ಣಿಗಿಳಿಯುತ್ತವೆ. ಮಕ್ಕಳ ಕೈ ಚಿಕ್ಕದು, ಚುರುಕು ಎಂಬ ಕಾರಣಕ್ಕೆ ಅವರನ್ನೂ ಈ ಕೆಲಸಕ್ಕೆ ಹಚ್ಚುವುದುಂಟೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಬರೆಯಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಈಗ ಇನ್ನೊಂದು ಬಗೆಯ ಚಿನ್ನದ ಗಣಿಗಾರಿಕೆ ಈ ಆಸಿಡ್ ಬಕೆಟ್ಟುಗಳಲ್ಲಿ ನಡೆಯುತ್ತಿದೆ. ಇಲ್ಲಿ ಕೂಲಿಯವನಿಗೆ ಹೆಲ್ಮೆಟ್ಟೂ ಇಲ್ಲ, ಪಿಂಚಣಿಯೂ ಇಲ್ಲ. ಹೊಗೆ ಎಬ್ಬಿಸಿದವನು ಆರೋಪಿ, ನಿಜ. ಕುಡಿಯುವವನೂ ಅವನೇ. ಫೋನು ಮಾಡಿದವರು, ಮಾರಿದವರು, ವರ್ಷಕ್ಕೊಮ್ಮೆ ಬದಲಿಸಿದವರು ಎಲ್ಲ ಹೊಗೆ ತಾಗದ ದಿಕ್ಕಿನಲ್ಲಿದ್ದಾರೆ.

ಶಿಕ್ಷೆಯ ವಿಚಾರಕ್ಕೆ ಘಾನಾದ ಪೂರ್ವನಿದರ್ಶನವಿದೆ. ರಾಜಧಾನಿ ಅಕ್ರಾದ ಅಗ್ಬೊಗ್ಬ್ಲೊಶಿಯ ಗುಜರಿ ಮೈದಾನಕ್ಕೆ ಯುರೋಪಿನ ಹಳೆಯ ಟೀವಿ, ಕಂಪ್ಯೂಟರುಗಳೂ ‘ಸೆಕೆಂಡ್ ಹ್ಯಾಂಡ್’ ಎಂಬ ಚೀಟಿ ಅಂಟಿಸಿಕೊಂಡು ಬಂದು ಸೇರುತ್ತಿದ್ದವು. 2021ರ ಜುಲೈನಲ್ಲಿ ಸರ್ಕಾರ ಬುಲ್ಡೋಜರ್ ನುಗ್ಗಿಸಿ ಮೈದಾನ ತೆರವು ಮಾಡಿತು. ಕೆಲಸ ಪಕ್ಕದ ಓಲ್ಡ್ ಫದಾಮಾದ ಜೋಪಡಿಗಳ ನಡುವೆ ಹೋಗಿ ಕೂತಿತು. ಬುಲ್ಡೋಜರಿನ ಮೇಲೆ ನಮಗೂ ಇತ್ತೀಚೆಗೆ ಪ್ರೀತಿ ಹುಟ್ಟಿರುವುದರಿಂದ ಈ ಪಾಠವನ್ನು ನ್ಯಾಯಾಲಯ ಗಮನಿಸಬೇಕು.

ವಾದ ಮುಗಿಯಿತು. ತೀರ್ಪಿಗೆ ಹೊಸ ಕಾನೂನೇನೂ ಬೇಕಿಲ್ಲ. ಈ ಕೆಲಸಗಾರರನ್ನು ಗುರುತಿಸಿ ನೋಂದಾಯಿಸುವುದು, ಒಡೆಯಲು ಜಾಗ ಕೊಡುವುದು, ತರಬೇತಿ ಕೊಡುವುದು, ಅವರ ಆರೋಗ್ಯ ಕಾಯುವುದು ರಾಜ್ಯ ಸರ್ಕಾರದ ಹೊಣೆ ಎಂದು ಅದೇ ಇ-ತ್ಯಾಜ್ಯ ನಿಯಮಗಳ ಪುಸ್ತಕದಲ್ಲಿ ಬರೆದಿದೆ. ಆ ಪುಟವನ್ನು ತೆರೆಯಬೇಕು. ಸಂಗ್ರಹಿಸುವುದು, ಬಿಚ್ಚುವುದು, ರಿಪೇರಿ ಮಾಡುವುದು ಗುಜರಿಯವನ ಕೈಯಲ್ಲೇ ಇರಲಿ. ಬೆಂಕಿ ಮತ್ತು ಆಸಿಡ್ಡಿನ ಕೆಲಸ ಯಂತ್ರವಿರುವ ಕಾರ್ಖಾನೆಗೆ ಹೋಗಲಿ. ಅಲ್ಲಿಗೆ ಬೋರ್ಡು ಮಾರಿದರೆ ಸುಡುವವನು ಕೊಡುವುದಕ್ಕಿಂತ ಹೆಚ್ಚು ದರ ಅವನಿಗೆ ಸಿಗಲಿ. ಇದರ ಖರ್ಚು ಫೋನು ಮಾಡಿದವನದ್ದು. ಅವನು ಬೆಲೆಗೆ ಸೇರಿಸಿದರೆ ಕೊಂಡ ನಮ್ಮದು. ಗುಜರಿಯವನ ಶ್ವಾಸಕೋಶದ್ದಂತೂ ಅಲ್ಲ.