ವಾರಾಂತ್ಯದ ಅಶ್ವಾರೋಹಿ

ಬೆಂಗಳೂರಿನ ಹವ್ಯಾಸಿ ಕುದುರೆ ಸವಾರನನ್ನು ಗುರುತಿಸಲು ಪಕ್ಕದಲ್ಲಿ ಕುದುರೆಯೇ ಇರಬೇಕೆಂದಿಲ್ಲ. ಸೋಮವಾರ ಬೆಳಿಗ್ಗೆ ಆಫೀಸಿನ ಮೆಟ್ಟಿಲು ಹತ್ತಲು ಹೊರಟು ಮೂರನೆಯ ಮೆಟ್ಟಿಲಲ್ಲೇ ಮನಸ್ಸು ಬದಲಿಸಿ ಲಿಫ್ಟಿನ ಕಡೆ ತಿರುಗುವವನು, ನಿದ್ದೆಗೆ ಜಾರಿದ ಕೂಸನ್ನು ತೊಟ್ಟಿಲಿಗೆ ಹಾಕುವಷ್ಟು ಎಚ್ಚರದಿಂದ ತನ್ನನ್ನು ತಾನೇ ಕುರ್ಚಿಗೆ ಇಳಿಸಿಕೊಳ್ಳುವವನು, ಕಾರಿನ ಡಿಕ್ಕಿಯಲ್ಲಿ ಲ್ಯಾಪ್‌ಟಾಪ್ ಚೀಲದ ಪಕ್ಕ ಮೊಣಕಾಲುದ್ದದ ಬೂಟು ಮತ್ತು ಎರಡು ಕೆಜಿ ಕ್ಯಾರೆಟ್ ಇಟ್ಟುಕೊಂಡವನು ಯಾರೋ ಅವನೇ. ‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆ ಹುಟ್ಟಿದ್ದು ನಡೆಯಲಾರದ ಸೋಮಾರಿಯನ್ನು ಗೇಲಿಮಾಡಲು. ಇವನ ಮಟ್ಟಿಗೆ ಅದು ಬರಿಯ ವೈದ್ಯಕೀಯ ವರದಿ. ವಯಸ್ಸು ನಲವತ್ತರ ಆಸುಪಾಸು, ಕೈಕೆಳಗೆ ಒಂದಷ್ಟು ಜನ, ಬಾಯಲ್ಲಿ ಸದಾ ಮೀಟಿಂಗು. ಭಾನುವಾರ ನಸುಕಿನಲ್ಲೇ ಎದ್ದು ಊರಾಚೆಯ ಲಾಯಕ್ಕೆ ಓಡುವ ಇವನನ್ನು ಕಂಡು ನೆರೆಯವರು ತೀರ್ಪು ಕೊಟ್ಟಾಗಿದೆ: ದುಡ್ಡು ಹೆಚ್ಚಾಗಿದೆ, ಜಂಬಕ್ಕೆ ಕುದುರೆ ಏರುತ್ತಾನೆ. ದುಡ್ಡಿನ ವಿಷಯಕ್ಕೆ ಆಮೇಲೆ ಬರೋಣ. ಜಂಬದ ಆರೋಪ ಮಾತ್ರ ನಿಲ್ಲುವುದಿಲ್ಲ. ವಾರವಿಡೀ ‘ಆಯ್ತು ಸಾರ್’ ಕೇಳಿ ಕೇಳಿ ದಣಿದ ಈ ಮನುಷ್ಯ, ಒಂದು ಅಪ್ಪಟ ‘ಆಗಲ್ಲ’ ಕೇಳಲೆಂದೇ ಕೈಯಿಂದ ಕಾಸು ಕೊಟ್ಟು ಹೋಗುತ್ತಾನೆ ಎಂಬುದು ನನ್ನ ವಾದ.

ಮೊದಲ ಸಾಕ್ಷಿ ಕುದುರೆಯೇ. ಸವಾರಿ ಶಾಲೆಗಳಲ್ಲಿ ಇಂಥವರ ಪಾಲಿಗೆ ಬರುವುದು ಬಹಳ ಸಲ ರೇಸಿನಿಂದ ನಿವೃತ್ತವಾದ ಥರೋಬ್ರೆಡ್. ಕುಣಿಗಲ್ಲಿನಂಥ ಕಡೆ ಹುಟ್ಟಿ, ಟರ್ಫ್ ಕ್ಲಬ್ಬಿನಲ್ಲಿ ಓಡಿ, ಐದಾರು ವರ್ಷಕ್ಕೇ ರೇಸು ಮುಗಿಸಿ ಎರಡನೆಯ ನೌಕರಿಗೆ ಸೇರಿರುತ್ತದೆ. ಅರುವತ್ತರವರೆಗೆ ದುಡಿಯಬೇಕಾದ ಸವಾರನಿಗೆ ಅದರ ಮೇಲೆ ಒಳಗೊಳಗೇ ಹೊಟ್ಟೆಕಿಚ್ಚು. ರೇಸಿನ ಕುದುರೆ ಕಲಿತ ಪಾಠವೆಂದರೆ ಲಗಾಮಿನ ಬಿಗಿತಕ್ಕೆ ಮೈಕೊಟ್ಟು ಇನ್ನೂ ಜೋರಾಗಿ ಓಡುವುದು. ನಮ್ಮವನು ಹೆದರಿದಾಗ ಮಾಡುವ ಮೊದಲ ಕೆಲಸ ಲಗಾಮು ಬಿಗಿಯುವುದು. ಹೆದರಿಕೆ ಕುದುರೆಗೆ ತಲುಪುವಾಗ ಆಜ್ಞೆಯಾಗಿರುತ್ತದೆ. ನೊಣ ಕೂತರೂ ಚರ್ಮ ಕಂಪಿಸುವ ಪ್ರಾಣಿ ಅದು. ಮೇಲೆ ಕೂತವನ ತೊಡೆ ಬಿಗಿದದ್ದು, ಉಸಿರು ನಿಂತದ್ದು ಅದಕ್ಕೆ ಗೊತ್ತಾಗದೆ ಇರುತ್ತದೆಯೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆ ಗೊರಸು ತಟ್ಟಿ ಲೆಕ್ಕ ಮಾಡುತ್ತದೆಂದು ಜನ ಬೆರಗಾಗಿದ್ದರು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಪರೀಕ್ಷಿಸಿದಾಗ ತಿಳಿದದ್ದೇನು? ಅದಕ್ಕೆ ಗಣಿತ ಬರುತ್ತಿರಲಿಲ್ಲ. ಉತ್ತರ ಹತ್ತಿರ ಬಂದಾಗ ಪ್ರಶ್ನೆ ಕೇಳಿದವನ ತಲೆ ಮೈಗಳಲ್ಲಿ ಆಗುವ, ಅವನಿಗೇ ಅರಿವಿಲ್ಲದ ಸಣ್ಣ ಅಲುಗಾಟವನ್ನು ಓದಿ ಗೊರಸು ನಿಲ್ಲಿಸುತ್ತಿತ್ತು. ಆದ್ದರಿಂದ ಕುದುರೆ ಮಾತು ಕೇಳುವುದಿಲ್ಲ ಎಂಬ ನಮ್ಮವನ ದೂರಿನಲ್ಲಿ ಹುರುಳಿಲ್ಲ. ಅವನು ಹೇಳಬಾರದೆಂದುಕೊಂಡಿದ್ದನ್ನೂ ಅದು ಕೇಳಿಸಿಕೊಳ್ಳುತ್ತದೆ. ಅವನ ಟೀಮಿನಲ್ಲಿ ಆ ಶಕ್ತಿಯುಳ್ಳವರಿದ್ದರೂ ಇಂಕ್ರಿಮೆಂಟಿನ ಭಯದಿಂದ ಬಾಯಿ ಮುಚ್ಚಿಕೊಂಡಿರುತ್ತಾರೆ. ಕುದುರೆಗೆ ಇಂಕ್ರಿಮೆಂಟ್ ಇಲ್ಲ.

ಲಾಯದಲ್ಲಿ ಅವನ ಸ್ಥಾನ ಯಾವುದೆಂಬುದನ್ನೂ ನೋಡಬೇಕು. ಗೊರಸು ಕೆರೆಯುವುದು, ಮೈ ಉಜ್ಜುವುದು, ಲದ್ದಿ ತೆಗೆಯಲು ಒಂದು ಕೈ ಕೊಡುವುದು ಎಲ್ಲವನ್ನೂ ಭಕ್ತಿಯಿಂದ ಮಾಡುತ್ತಾನೆ. ಅಜ್ಞಾತವಾಸದಲ್ಲಿ ನಕುಲ ವಿರಾಟನ ಲಾಯದಲ್ಲಿ ಇದೇ ಕೆಲಸ ಮಾಡಿದ. ಆದರೆ ಅವನಿಗೆ ವಿರಾಟ ಸಂಬಳ ಕೊಡುತ್ತಿದ್ದ, ಇಲ್ಲಿ ನಕುಲನೇ ತಿಂಗಳ ಫೀಸು ಕಟ್ಟುತ್ತಾನೆ. ಇಷ್ಟಾದರೂ ಕುದುರೆ ಕೆನೆಯುವುದು ಅದನ್ನು ದಿನವೂ ನೋಡಿಕೊಳ್ಳುವ ಸೈಸ್‌ನ ಚಪ್ಪಲಿ ಸದ್ದಿಗೆ. ಕ್ಯಾರೆಟ್ ತಂದವನು ಬರಿಯ ನೆಂಟ. ಇನ್ನು ಅಂಗಳಕ್ಕಿಳಿದರೆ ಬೇಲಿಯ ಮೇಲೆ ಹಾರಾಡುವ ಪ್ಲಾಸ್ಟಿಕ್ ಕವರು ಕಾದಿರುತ್ತದೆ. ಹುಲ್ಲುಗಾವಲಲ್ಲಿ ಬೇಟೆಗೆ ತುತ್ತಾಗುತ್ತಿದ್ದ ಪ್ರಾಣಿಯ ಕಣ್ಣು ತಲೆಯ ಎರಡು ಪಕ್ಕಕ್ಕಿದೆ. ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ ಬಿಟ್ಟರೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಅಲುಗಿದ್ದೆಲ್ಲ ಹುಲಿ. ರಿಸ್ಕ್ ಮ್ಯಾನೇಜ್‌ಮೆಂಟ್ ಕುರಿತು ಅರವತ್ತು ಸ್ಲೈಡು ಮಾಡಿದವನು ಆ ಕವರಿನ ಎದುರು ಸೋಲುತ್ತಾನೆ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಯಜ್ಞದ ಕುದುರೆ ಹೋದತ್ತ ಅರ್ಜುನನೇ ಸೇನೆ ಸಮೇತ ಹಿಂದೆ ಹೋಗುತ್ತಾನಲ್ಲ, ಆ ಸಂಪ್ರದಾಯವನ್ನು ಇವನು ಭಾನುವಾರ ಏಳರಿಂದ ಎಂಟರವರೆಗೆ ಜೀನಿನ ಮೇಲೆ ಕೂತು ಮುಂದುವರಿಸುತ್ತಾನೆ.

ಹಾಗಿದ್ದರೆ ಸ್ಪರ್ಧೆಗೆ ಏಕೆ ಹೋಗಬೇಕು, ಅದು ಜಂಬವಲ್ಲವೆ ಎಂದು ಕೇಳಬಹುದು. ಸ್ಪರ್ಧೆಯನ್ನು ಹತ್ತಿರದಿಂದ ನೋಡದವರ ಪ್ರಶ್ನೆ ಇದು. ಡ್ರೆಸಾಜ್ ಎಂಬ ವಿಭಾಗದಲ್ಲಿ ಮರಳಿನ ಅಂಗಳದ ಅಂಚಿಗೆ ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್ ಎಂದು ಅಕ್ಷರಗಳನ್ನು ನಿಲ್ಲಿಸಿರುತ್ತಾರೆ. ಈ ಕ್ರಮಕ್ಕೆ ಎಲ್ಲರೂ ಒಪ್ಪುವ ಕಾರಣ ಈವರೆಗೆ ಸಿಕ್ಕಿಲ್ಲ. ಎಂಜಿನಿಯರಿಂಗ್ ಓದಿದ ಮನುಷ್ಯ ಅದನ್ನು ಸ್ನಾನದ ಮನೆಯಲ್ಲಿ ಉರುಹೊಡೆಯುತ್ತಾನೆ. ಒಳಗೆ ಹೋದೊಡನೆ ತೀರ್ಪುಗಾರರಿಗೆ ವಂದಿಸಬೇಕು. ಆಮೇಲೆ ಒಂದೊಂದು ಚಲನೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ, ಪಕ್ಕದಲ್ಲಿ ‘ಅವಸರ’, ‘ಬಿಗಿತ’, ‘ನೇರವಿಲ್ಲ’ ಎಂದು ಷರಾ. ಸೊನ್ನೆಯ ಅರ್ಥ ಕೆಟ್ಟದಾಗಿ ಮಾಡಿದ ಎಂದಲ್ಲ, ಮಾಡಲೇ ಇಲ್ಲ ಎಂದು. ಶೋ ಜಂಪಿಂಗ್‌ನಲ್ಲಿ ಒಂದು ಕಂಬ ಉರುಳಿದರೆ 4 ದಂಡಾಂಕ. ಸವಾರನೇ ಉರುಳಿದರೆ ಆಟದಿಂದ ಹೊರಗೆ. ಅವನ ಹಿಂದೆಯೇ ಎರಡು ಜಡೆಯ ಹುಡುಗಿಯೊಬ್ಬಳು ಪೋನಿಯ ಮೇಲೆ ಬಂದು ಅದೇ ತಡೆಗಳನ್ನು ಚೂಯಿಂಗ್ ಗಮ್ ಅಗಿಯುತ್ತಾ ದಾಟಿಹೋಗುತ್ತಾಳೆ. ಒಂದು ವೇಳೆ ದೈವ ಒಲಿದು ಮೂರನೆಯ ಸ್ಥಾನ ಬಂತೆನ್ನಿ, ರಿಬ್ಬನ್ ಕಟ್ಟುವುದು ಕುದುರೆಯ ತಲೆಗಟ್ಟಿಗೆ. ಇಷ್ಟು ಮರ್ಯಾದೆಗೆ ಆಸೆಪಟ್ಟು ಯಾರೂ ಜಂಬ ಬೆಳೆಸಿಕೊಳ್ಳಲಾರರು.

ಕುದುರೆಯೇ ಎಲ್ಲ ಮಾಡುತ್ತದೆ, ಮೇಲೆ ಕೂತವನದೇನು ಕಸರತ್ತು ಎನ್ನುವವರೂ ಇದ್ದಾರೆ. ಇದಕ್ಕೆ ಟೋಕಿಯೊ ಉತ್ತರ ಕೊಟ್ಟಿದೆ. 2021ರಲ್ಲಿ ಅಲ್ಲಿ ನಡೆದ ಒಲಿಂಪಿಕ್ಸಿನ, ಸವಾರಿಯೂ ಸೇರಿ ಐದು ಆಟಗಳ ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ಸವಾರರಿಗೆ ಚೀಟಿ ಎತ್ತಿ ಪರಿಚಯವಿಲ್ಲದ ಕುದುರೆ ಕೊಟ್ಟಿದ್ದರು, ಒಗ್ಗಿಸಿಕೊಳ್ಳಲು 20 ನಿಮಿಷ. ಅಲ್ಲಿಯವರೆಗೆ ಮೊದಲ ಸ್ಥಾನದಲ್ಲಿದ್ದ ಜರ್ಮನಿಯ ಆಟಗಾರ್ತಿಗೆ ಬಂದ ‘ಸೇಂಟ್ ಬಾಯ್’ ತಡೆ ದಾಟಲು ಒಪ್ಪಲಿಲ್ಲ. ಆಕೆ ಅಳುತ್ತಲೇ ಚಾಟಿ ಬೀಸಿದರು, ಬೇಲಿಯಾಚೆಯಿಂದ ತರಬೇತುದಾರರು ಕುದುರೆಗೆ ಗುದ್ದಿ ಕ್ರೀಡಾಕೂಟದಿಂದಲೇ ಹೊರಬಿದ್ದರು, ಆಕೆ 31ನೆಯ ಸ್ಥಾನಕ್ಕೆ ಇಳಿದರು. 2024ರ ಪ್ಯಾರಿಸ್ ಬಳಿಕ ಆ ಆಟದಿಂದ ಸವಾರಿಯನ್ನೇ ತೆಗೆದುಹಾಕಲಾಯಿತು. ಕುದುರೆಯೇ ಎಲ್ಲ ಮಾಡುವುದಾದರೆ ಅಂದೂ ಮಾಡಬೇಕಿತ್ತು. ಪ್ರಾಣಿಹಿಂಸೆಯ ಆಕ್ಷೇಪವೂ ಇಲ್ಲಿಂದಲೇ ಏಳುತ್ತದೆ. ಅದು ನಕ್ಕು ತಳ್ಳುವಂಥದ್ದಲ್ಲ. ‘ಆಗಲ್ಲ’ ಎಂಬುದನ್ನು ಕೇಳಲು ಹೋದವನು ಅದನ್ನು ಚಾಟಿಯಿಂದ ‘ಆಯ್ತು’ ಮಾಡಿಸಿಕೊಂಡರೆ ಅವನು ಆಫೀಸಿನಲ್ಲೇ ಇರಬಹುದಿತ್ತು.

ಈಗ ದುಡ್ಡು. ದುಬಾರಿ ಹವ್ಯಾಸ, ನಿಜ. ಮೇವು, ಬೂಸ, ಸುಮಾರು ಆರು ವಾರಕ್ಕೊಮ್ಮೆ ಲಾಳ, ಎಲ್ಲಕ್ಕಿಂತ ಮಿಗಿಲಾಗಿ ಹೊಟ್ಟೆನೋವು. ಕುದುರೆಗೆ ವಾಂತಿ ಮಾಡಲು ಬಾರದು, ಹೊಟ್ಟೆ ಕೆಟ್ಟರೆ ಜೀವಕ್ಕೇ ಬರಬಹುದು. ತನ್ನ ಸೊಂಟನೋವಿಗೆ ಡಾಕ್ಟರ ಬಳಿ ಹೋಗದವನು ಕುದುರೆ ಲದ್ದಿ ಹಾಕಿತೆಂಬ ಸುದ್ದಿಗಾಗಿ ನಡುರಾತ್ರಿಯವರೆಗೆ ಫೋನ್ ಹಿಡಿದು ಕೂರುತ್ತಾನೆ. ಸುದ್ದಿ ಬಂದರೆ ಮನೆಯವರನ್ನೆಲ್ಲ ಎಬ್ಬಿಸಿ ಹೇಳುತ್ತಾನೆ. ಹೆಚ್ಚು ದುಡ್ಡು ಸುರಿದು ಒಳ್ಳೆಯ ತಳಿಯ ಕುದುರೆ ತಂದರೆ ಅದರ ಸಂವೇದನೆ ಇನ್ನೂ ಸೂಕ್ಷ್ಮ, ಆದ್ದರಿಂದ ನಿರಾಕರಣೆಯೂ ಇನ್ನೂ ನಾಜೂಕು. ಆದರೆ ಸೈಸ್‌ನ ತಿಂಗಳ ಸಂಬಳವನ್ನು ಸವಾರನ ಬೂಟಿನ ಬೆಲೆಯ ಪಕ್ಕ ಇಟ್ಟು ನೋಡಿದರೆ ನಗು ಬರುವುದಿಲ್ಲ. ಆ ಲೆಕ್ಕದಲ್ಲಿ ನೆರೆಯವರು ಹೇಳುವುದೇ ಸರಿ.

ಇಷ್ಟು ಸೋಲಿನ ನಡುವೆ ಇವನನ್ನು ಹಿಡಿದಿಟ್ಟಿರುವುದು ಎರಡು ಹೆಸರು. ಒಂದು, ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ: 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ತಂದು, ಕುದುರೆ ಸವಾರಿಯ ವೈಯಕ್ತಿಕ ಪದಕಕ್ಕಾಗಿ ದೇಶ 36 ವರ್ಷ ಕಾದದ್ದನ್ನು ಮುಗಿಸಿದವರು, ಟೋಕಿಯೊದಲ್ಲಿ 23ನೆಯ ಸ್ಥಾನ ಪಡೆದವರು. ಇವರ ಹೆಸರು ಬಾರದೆ ಇವನ ಜೊತೆ ಕಾಫಿ ಮುಗಿಯುವುದಿಲ್ಲ. ಎರಡನೆಯದು ಜಪಾನಿನ ಹಿರೋಷಿ ಹೊಕೆತ್ಸು. ಕಂಪನಿಯ ನೌಕರಿ ಮಾಡಿಕೊಂಡೇ ಸವಾರಿ ಮುಂದುವರಿಸಿದ ಇವರು 1964ರ ಒಲಿಂಪಿಕ್ಸ್ ಆಡಿದ್ದರು, 2012ರ ಲಂಡನ್ನಿನಲ್ಲೂ ಆಡಿದರು. ಆಗ ವಯಸ್ಸು 71. ನಮ್ಮವನು ಈ ಒಂದು ಅಂಕಿಯನ್ನು ಬ್ಯಾಂಕಿನ ಠೇವಣಿಯಂತೆ ಕಾಪಾಡಿಕೊಂಡು, ಇನ್ನೂ ಕಾಲವಿದೆ ಎಂದು ಹೆಂಡತಿಗೆ ಹೇಳುತ್ತಾನೆ.

ನಿಮ್ಮ ಆಫೀಸಿನಲ್ಲಿ ಇಂಥವರೊಬ್ಬರು ಮೇಲಧಿಕಾರಿಯಾಗಿದ್ದರೆ ರಜೆಯ ಅರ್ಜಿ, ಸಂಬಳದ ಮಾತು, ಅವರ ಯೋಜನೆಯಲ್ಲಿ ಕಂಡ ತಪ್ಪು, ಏನಿದ್ದರೂ ಸೋಮವಾರ ಬೆಳಿಗ್ಗೆಯೇ ಎತ್ತಿ. ಬುಧವಾರದ ಹೊತ್ತಿಗೆ ಅವರು ಮತ್ತೆ ಮ್ಯಾನೇಜರ್ ಆಗಿಬಿಟ್ಟಿರುತ್ತಾರೆ.