ಸಂಶೋಧಕ ಅಪ್ಪ

ನಮ್ಮ ಎದುರುಮನೆಯ ಅಪ್ಪನಿಗೆ ಲಸಿಕೆಯ ಮೇಲೆ ದ್ವೇಷವೇನಿಲ್ಲ. "ನಾನು ವಿರೋಧಿ ಅಲ್ಲ ಸಾರ್, ಸ್ವಲ್ಪ ಓದ್ತಾ ಇದೀನಿ ಅಷ್ಟೆ" ಅನ್ನುತ್ತಾನೆ. ಮಗಳು ಹುಟ್ಟಿದ ದಿನದಿಂದ ಓದುತ್ತಿದ್ದಾನೆ. ಪಿಯುಸಿಯಲ್ಲಿ ಹೀಗೆ ಓದಿದ್ದರೆ ಅವನೇ ಡಾಕ್ಟರಾಗಿರುತ್ತಿದ್ದ.

ಕೂಸಿಗೆ ಒಂದೂವರೆ ತಿಂಗಳು ತುಂಬಿತು. "ಗುರುವಾರ ಕರ್ಕೊಂಡು ಬನ್ನಿ ಸಾರ್, ಮೂರು ಸೂಜಿ" ಎಂದರು ಆಶಾ ಕಾರ್ಯಕರ್ತೆ. ಎಡತೊಡೆಗೆ ಪೆಂಟಾವೇಲೆಂಟ್, ಬಲತೊಡೆಗೆ ನ್ಯುಮೋನಿಯಾದ್ದು, ಬಲತೋಳಿಗೆ ಪೋಲಿಯೋದು. ಇವನ ಮುಖ ಬಿಳಿಚಿತು. ಐದು ರೋಗದ ಮದ್ದು ಒಂದೇ ಸೂಜಿಯಲ್ಲಿ ಹೋದರೆ ಪುಟ್ಟ ಮೈ ತಡೆದೀತೆ? ಐಸ್ ಡಬ್ಬಿ ಎಷ್ಟು ತಣ್ಣಗಿದೆ? ಸಿಸ್ಟರ್ ಬಾಟಲಿ ತಿರುಗಿಸಿ, ವೃತ್ತದೊಳಗಿನ ಚೌಕ ಇನ್ನೂ ಬೆಳ್ಳಗಿದೆ, ಮದ್ದು ಕೆಟ್ಟಿಲ್ಲ ಎಂದು ತೋರಿಸಿದರು. ಚೌಕದ ಬಗ್ಗೆಯೂ ಓದಬೇಕಾಯಿತು. ಒಂದು ಗುರುವಾರ ಹೋಯಿತು.

ಪಲ್ಸ್ ಪೋಲಿಯೋ ಭಾನುವಾರ ಮಾತ್ರ ಬೂತಿನ ಬಾಗಿಲು ತೆಗೆಯುವ ಮೊದಲೇ ಇವನು ಹಾಜರು. ಎರಡು ಹನಿ ಬಾಯಿಗೆ ಬಿದ್ದವು, ಕೂಸು ಚಪ್ಪರಿಸಿತು. ಶಾಯಿ ಹಚ್ಚಿದ ಕಿರುಬೆರಳಿನ ಫೋಟೋ ಒಂಬತ್ತಕ್ಕೇ ಸ್ಟೇಟಸ್ಸಿನಲ್ಲಿತ್ತು. ಆ ಹನಿ ಯಾವ ಕಂಪನಿಯದೆಂದು ಕೇಳಲೇ ಇಲ್ಲ. ಸಂಶೋಧನೆಯೆಲ್ಲ ಸೂಜಿಗಷ್ಟೇ ಮೀಸಲೆಂದು ನನಗೆ ಅಂದೇ ಗೊತ್ತಾಯಿತು.

ಅವನ ಅಮ್ಮನ ತೋಳಿನಲ್ಲಿ ಎರಡು ದಾಕಿನ ಗುರುತುಗಳಿವೆ. "ದಾಕು ಹಾಕೋರು ಬಂದ್ರೆ ನಾವು ಬಣವೆ ಹಿಂದೆ ಅವಿತ್ಕೋತಿದ್ವಿ. ನಮ್ಮಪ್ಪ ಕಿವಿ ಹಿಡಿದು ಎಳ್ಕೊಂಡು ಬರೋರು. ಪಕ್ಕದ ಮನೆ ಹುಡುಗನ ಕಣ್ಣು ಸಿಡುಬಲ್ಲಿ ಹೋದದ್ದನ್ನ ನೋಡಿದ್ರಲ್ಲ!" 1975ರ ಮೇ ತಿಂಗಳ ನಂತರ ನಮ್ಮ ದೇಶದಲ್ಲಿ ಸಿಡುಬು ಕಂಡಿಲ್ಲ. ಹಾಗಾಗಿ ಮಗನ ತೋಳಿನಲ್ಲಿ ದಾಕಿಲ್ಲ, ಸಿಡುಬಿನ ಮುಖವನ್ನೂ ಅವನು ನೋಡಿಲ್ಲ. ನೋಡಿದ್ದು ಮಗಳ ಅಳುಮುಖವನ್ನಷ್ಟೆ.

ಮುಂದಿನ ಗುರುವಾರ ಆಕೆ ಮೊಮ್ಮಗಳನ್ನು ಎತ್ತಿಕೊಂಡು ತಾನೇ ಹೊರಟುಬಿಟ್ಟರು. "ಲೋ, ಗಾಡಿ ತೆಗಿ." ಒಳಗೆ ಕೂಸು ಮೂರು ಸಲ ಕಿರುಚಿ, ನಾಲ್ಕನೆಯ ಕಿರುಚನ್ನು ಮರೆತು ಸಿಸ್ಟರ್ ಓಲೆಯನ್ನು ನೋಡತೊಡಗಿತು. ಅಪ್ಪ ಎಲ್ಲಿ ಎಂದರೆ, ಹೊರಗೆ ಸ್ಕೂಟರ್ ಪಕ್ಕದಲ್ಲಿ ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದ. ಗಾಜು ಇಳಿಸಿತ್ತು.

ನಿಮ್ಮ ಮನೆಯಲ್ಲೂ ಇಂಥ ಸಂಶೋಧಕರಿದ್ದರೆ, ದಯವಿಟ್ಟು ತಾಯಿ ಕಾರ್ಡನ್ನು ಅಜ್ಜಿಯ ಕೈಗೆ ಕೊಟ್ಟಿರಿ.