ಡೈರೆಕ್ಟ್ ಕಾಕಾ

ಮುನವಳ್ಳಿಯಂಥ ಊರಿನಲ್ಲಿ ಹುರುಪಿನ ಹುಡುಗನೊಬ್ಬ ಬಿಡಿಭಾಗ ತರಿಸಿ, ಬಾಗಿಲಿಗೆ ಬಳ್ಳಿ, ದೇವರಮನೆಗೆ ಜಾಲಿ ಕೊರೆಯುವ ಸಣ್ಣ ಸಿಎನ್‌ಸಿ ಯಂತ್ರ ಕಟ್ಟಿದನೆಂದರೆ, ಅದನ್ನು ಉದ್ಧಾರ ಮಾಡಲು ಡೈರೆಕ್ಟ್ ಕಾಕಾ ಬಂದೇ ಬರುತ್ತಾನೆ. ಮಲಪ್ರಭೆ ದಂಡೆಯ ಪಂಪು, ಹಿಟ್ಟಿನ ಗಿರಣಿ, ಮದುವೆ ಹಂದರದ ದೀಪ, ಎಲ್ಲದರಲ್ಲೂ ಪಳಗಿದ ಕೈ. ಮದ್ದು ಮಾತ್ರ ಒಂದೇ. ಫ್ಯೂಸ್ ಹೋದರೆ ತಾಮ್ರದ ತಂತಿ, ಫ್ಲೋಟ್ ಸ್ವಿಚ್ ಕೆಟ್ಟರೆ ಡೈರೆಕ್ಟ್, ಯಂತ್ರ ತಾನಾಗಿ ನಿಂತರೆ ಎಮರ್ಜೆನ್ಸಿ ಸ್ಟಾಪಿನ ಕೆಂಪು ಗುಂಡಿಯೇ ಡೈರೆಕ್ಟ್. "ಏನಾಗೇತಿ ತಮ್ಮಾ?" "ಅರ್ಧಕ್ಕ ನಿಂತಬಿಡ್ತೈತಿ ಕಾಕಾ, ಗುಂಡಿ ಯಾರೂ ಒತ್ತಿಲ್ಲ." "ಹಂಗಾರ ಗುಂಡೀನ ಕೆಟ್ಟೈತಿ. ಚಾ ತರಸು, ಅಷ್ಟರಾಗ ಮುಗಸ್ತೇನಿ." ಚಹಾ ಬರುವಷ್ಟರಲ್ಲಿ ಎರಡು ತಂತಿ ಹೆಣೆದು ಟೇಪು ಸುತ್ತಿರುತ್ತಾನೆ. ಯಂತ್ರ ಓಡುತ್ತದೆ. ಗುಂಡಿಯೂ ಇರುತ್ತದೆ, ನೋಡಲಿಕ್ಕೆ.

ಕಾಕಾ ದಡ್ಡನಲ್ಲ. ಆದರೆ ಯಂತ್ರದ ದೂರನ್ನು ಕೇಳುವ ಬದಲು ಅದರ ಬಾಯಿ ಹೊಲಿಯುತ್ತಾನೆ ಎಂಬುದೇ ನನ್ನ ತಕರಾರು. ಸರಿಯಾದ ಗುಂಡಿಯ ಸಂಪರ್ಕ ಯಾವಾಗಲೂ ಕೂಡಿರುತ್ತದೆ, ಒತ್ತಿದಾಗ ಬಿಡುತ್ತದೆ. ತಂತಿ ಕಡಿದರೂ ಯಂತ್ರ ನಿಲ್ಲಲಿ ಎಂದೇ ಈ ಏರ್ಪಾಟು. ಹಾಗಾಗಿ ಸುಮ್ಮಸುಮ್ಮನೆ ನಿಲ್ಲುವ ಯಂತ್ರ ಬಹಳ ಸಲ ಎಲ್ಲೋ ಒಂದು ಸ್ಕ್ರೂ ಸಡಿಲಾಗಿದೆ ಎನ್ನುತ್ತಿರುತ್ತದೆ. ಇನ್ನು ಹವ್ಯಾಸಿಗಳ ಮೆಚ್ಚಿನ ಆರ್ಡುಯಿನೋ ಬೋರ್ಡು ಮತ್ತು ಜಿಆರ್‌ಬಿಎಲ್ ಸಾಫ್ಟ್‌ವೇರ್ ಜೋಡಿಯಲ್ಲಿ ಕಥೆ ಉಲ್ಟಾ. ಅದನ್ನು ಬದಲಿಸದೆ ಬಿಟ್ಟರೆ, ಒತ್ತಿದಾಗ ಕೂಡುವ ಗುಂಡಿಯನ್ನೇ ಅದು ನಿರೀಕ್ಷಿಸುತ್ತದೆ. ಒಳಗಿನ 20ರಿಂದ 50 ಕಿಲೋಓಮಿನ ರೆಸಿಸ್ಟರ್ ಒಂದೇ ಆ ತಂತಿಯನ್ನು 5 ವೋಲ್ಟಿನಲ್ಲಿ ಹಿಡಿದಿಡಬೇಕು. ಪಕ್ಕದಲ್ಲೇ ಸ್ಪಿಂಡಲ್ಲಿನ ವೇಗ ನಿಯಂತ್ರಿಸುವ ವಿಎಫ್‌ಡಿಯ ಕೇಬಲ್ ಹಾದಿದ್ದರೆ ಅದರ ಗದ್ದಲಕ್ಕೇ ಕಂಟ್ರೋಲರ್ ಬೆಚ್ಚಿ ನಿಲ್ಲುತ್ತದೆ. ಅಲ್ಲಿ ಕಾಕಾ ತಂತಿ ಹೆಣೆಯುತ್ತಾನೆ, ಇಲ್ಲಿ ಕಿತ್ತೊಗೆಯುತ್ತಾನೆ, ಫಲ ಒಂದೇ.

"ಡೈರೆಕ್ಟ್ ಮಾಡಿದ ಮ್ಯಾಲೆ ನಿಂತಿಲ್ಲಲ್ಲ, ಅಂದ್ರ ಗುಂಡೀದ ತಪ್ಪು" ಎಂಬುದು ಅವನ ವಾದ. ತಪ್ಪು ಗುಂಡಿಯದೋ, ತಂತಿಯದೋ, ಕನೆಕ್ಟರಿನದೋ ಎಂಬುದು ಇದರಿಂದ ತಿಳಿಯುವುದೇ ಇಲ್ಲ. ಕರೆಂಟು ತೆಗೆದು, ಮಲ್ಟಿಮೀಟರಿನ ಬೀಪನ್ನು ಮೊದಲು ಗುಂಡಿಯ ಬುಡದಲ್ಲಿ, ಆಮೇಲೆ ಬೋರ್ಡಿನ ತುದಿಯಲ್ಲಿ, ಕೇಬಲ್ ಅಲ್ಲಾಡಿಸುತ್ತ ಕೇಳಿದರೆ ತಿಳಿಯುತ್ತದೆ. ಗದ್ದಲದ ಸಂಶಯವಿದ್ದರೆ ಕೇಬಲ್ ದೂರ ಸರಿಸಿ, ಶೀಲ್ಡ್ ಇರುವುದನ್ನು ಹಾಕಿ, ಪಿನ್ನಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂಡಿಸಬೇಕು. ಅವನ ಎರಡನೆಯ ವಾದಕ್ಕೆ ಮಾತ್ರ ನಿಜವಾದ ತೂಕವಿದೆ: ಜಿಆರ್‌ಬಿಎಲ್‌ನ ಆ ಪಿನ್ನು ಸಾಫ್ಟ್‌ವೇರಿಗೆ ಮಾಡುವ ವಿನಂತಿಯಷ್ಟೇ, ಅದಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮೊದಲರ್ಧ ಒಪ್ಪಿದೆ. ವಿಎಫ್‌ಡಿಗೆ ಬೇರೆಯೇ ಸ್ವಿಚ್ಚಿದ್ದರೆ ನಿಮಿಷಕ್ಕೆ 24,000 ಸುತ್ತಿನ ಸ್ಪಿಂಡಲ್ ಆ ವಿನಂತಿಗೆ ಸೊಪ್ಪು ಹಾಕುವುದಿಲ್ಲ. ಆದರೆ ಅದಕ್ಕೆ ಪರಿಹಾರ ಗುಂಡಿಗೆ ಇನ್ನೊಂದು ಸಂಪರ್ಕ ಕೂಡಿಸಿ, ಕಾಂಟ್ಯಾಕ್ಟರ್ ಮೂಲಕ ಮೋಟರ್ ಡ್ರೈವರುಗಳ ಕರೆಂಟನ್ನೇ ಕತ್ತರಿಸುವುದು, ವಿಎಫ್‌ಡಿಗೂ ನಿಲ್ಲುವ ಸೂಚನೆ ಕೊಡುವುದು. ಗುಂಡಿಯನ್ನು ತಿರುವಿ ಬಿಟ್ಟ ಮಾತ್ರಕ್ಕೆ ಯಂತ್ರ ಮತ್ತೆ ಹೊರಡಬಾರದು ಎಂಬುದು ಐಎಸ್‌ಒ 13850ರ ಕಟ್ಟಳೆ.

ಆದರೂ ಕಾಕಾನ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ. ಸರಿರಾತ್ರಿ ಕರೆಂಟು ಬಂದು ಸ್ಟಾರ್ಟರ್ ಮುಷ್ಕರ ಹೂಡಿದಾಗ, ಒಣಗುವ ಕಬ್ಬಿಗೆ ನೀರು ಹಾಯಿಸಿಕೊಟ್ಟವನೂ ಇವನೇ. ಗೃಹಪ್ರವೇಶ ನಾಳೆ ಇದ್ದು ಬಾಗಿಲು ಇನ್ನೂ ಮೇಜಿನ ಮೇಲಿದ್ದರೆ, ದಿನವಿಡೀ ಸಡಿಲ ಸ್ಕ್ರೂ ಹುಡುಕುವವನಿಗೆ ನಾವು ಯಾರೂ ಪಗಾರ ಕೊಡುವುದಿಲ್ಲ; ಓಡಿಸಿದವನಿಗೆ ಕೊಡುತ್ತೇವೆ. ಬರೆಯುವವರಿಗೇನು, ಪೆನ್ನು ಟ್ರಿಪ್ ಆಗುವುದಿಲ್ಲ. ಆದ್ದರಿಂದ ಯಂತ್ರದ ಮಾಲೀಕರಲ್ಲಿ ಒಂದು ವಿನಂತಿ: ಕಾಕಾನಿಗೆ ಚಹಾ ಕೊಡಿ. ದುಡ್ಡು ಕೊಡುವ ಮೊದಲು ಬಿಟ್ ಬಿಚ್ಚಿಟ್ಟು, ಸ್ಪಿಂಡಲ್ ಓಡಿಸಿ, ಅವನ ಕೈಯಿಂದಲೇ ಆ ಕೆಂಪು ಗುಂಡಿ ಒತ್ತಿಸಿ. ಯಂತ್ರ ನಿಲ್ಲದಿದ್ದರೆ ದುಡ್ಡನ್ನೂ ನಿಲ್ಲಿಸಿ.